ನೆರಳು ಅಳೆದ ಮೇಷ್ಟ್ರು: ಜ್ದೆನೆಕ್ ಕೊಪಲ್ ಮತ್ತು ಚಂದ್ರನ ನಕ್ಷೆ

ಹುಣ್ಣಿಮೆಯ ದಿನ ದೂರದರ್ಶಕದಲ್ಲಿ ಚಂದ್ರನನ್ನು ನೋಡಿದವರಿಗೆ ಸ್ವಲ್ಪ ನಿರಾಸೆಯೇ ಆಗುತ್ತದೆ. ಬೆಳಕು ಜಾಸ್ತಿ, ಕಣ್ಣು ಕುಕ್ಕುತ್ತದೆ. ಬೆಟ್ಟ ಯಾವುದು, ಗುಂಡಿ ಯಾವುದು ಗೊತ್ತಾಗುವುದಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ಅದೇ ಅಷ್ಟಮಿಯ ಸಂಜೆ ನೋಡಿ. ಬೆಳಕು ಮತ್ತು ಕತ್ತಲೆ ಸೇರುವ ಗೆರೆಯ ಪಕ್ಕದಲ್ಲಿ ಒಂದೊಂದು ಕುಳಿಯೂ ಮಸಿ ತುಂಬಿದ ಬಟ್ಟಲಿನ ಹಾಗೆ ಇರುತ್ತದೆ. ಗೆರೆಯ ಆಚೆ, ಪೂರ್ತಿ ಕತ್ತಲಲ್ಲಿ, ಒಂದೆರಡು ಬಿಳಿ ಚುಕ್ಕೆ. ಅವು ಬೆಟ್ಟದ ತುದಿಗಳು. ಬುಡಕ್ಕೆ ಇನ್ನೂ ಬೆಳಗಾಗಿಲ್ಲ, ತಲೆಗೆ ಮಾತ್ರ ಬಿಸಿಲು ಬಿದ್ದಿದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಚುಕ್ಕೆ ಕೊಂಚ ದೊಡ್ಡದಾಗಿರುತ್ತದೆ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ, ಇನ್ನೂ ಬೇಸರ ಬಂದಿಲ್ಲ.

ಈ ನೆರಳುಗಳನ್ನೇ ಹಿಡಿದು, ಯಾವ ನೌಕೆಯೂ ಚಂದ್ರನನ್ನು ಸುತ್ತದ ಕಾಲದಲ್ಲಿ, ಭೂಮಿಯ ಮೇಲೆ ನಿಂತು ಅಲ್ಲಿನ ಬೆಟ್ಟಗಳ ಎತ್ತರ ಅಳೆದ ಒಂದು ತಂಡ ಇತ್ತು. ಅದನ್ನು ನಡೆಸಿದವರು ಚೆಕ್ ಖಗೋಳಜ್ಞ ಜ್ದೆನೆಕ್ ಕೊಪಲ್. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 30 ವರ್ಷ ಪಾಠ ಮಾಡಿದವರು. ಸೋಜಿಗ ಏನೆಂದರೆ, ಆ ಕೆಲಸ ಕೈಗೆ ಬರುವ ತನಕ ಅವರು ಚಂದ್ರನ ಮನುಷ್ಯ ಆಗಿರಲೇ ಇಲ್ಲ. ಅವರದ್ದು ಜೋಡಿ ನಕ್ಷತ್ರಗಳ ಗಣಿತ. ಹಾಗಿದ್ದವರು ಚಂದ್ರನ ನಕ್ಷೆಗೆ ಬಂದದ್ದು ಹೇಗೆ, ಆ ಕೆಲಸ ಹೇಗೆ ನಡೆಯಿತು, ಎಲ್ಲಿ ಎಡವಿತು, ಕೊನೆಗೆ ಏನು ಉಳಿಯಿತು? ಈ ಪ್ರಕರಣದಲ್ಲಿ ನಾನು ಹುಡುಕಿದ್ದು ಇದನ್ನೇ.

ಬೆಟ್ಟದ ಮೇಲಿನ ಹುಡುಗ

ಕೊಪಲ್ ಹುಟ್ಟಿದ್ದು 1914ರ ಏಪ್ರಿಲ್ 4ರಂದು, ಲಿಟೊಮಿಷ್ಲ್ ಎಂಬ ಊರಿನಲ್ಲಿ. ಸಂಗೀತಗಾರ ಸ್ಮೆತಾನಾ ಹುಟ್ಟಿದ ಊರೂ ಅದೇ. ಆಗಿನ್ನೂ ಚೆಕೊಸ್ಲೊವಾಕಿಯ ಅನ್ನುವ ದೇಶ ಇರಲಿಲ್ಲ. ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯದ ಕೊನೆಗಾಲ. ತಂದೆ ಫ್ರೆಂಚ್ ಸಾಹಿತ್ಯ ಓದಿಸುವ ಪ್ರಾಧ್ಯಾಪಕರು. ಮನೆಯಲ್ಲಿ ಪುಸ್ತಕಕ್ಕೆ ಕೊರತೆ ಇರಲಿಲ್ಲ.

ಪ್ರಾಗ್ ನಗರದ ನಡುವೆ ಪೆತ್ರ್ಶಿನ್ ಅಂತ ಒಂದು ಗುಡ್ಡ ಇದೆ. ಚೆಕ್ ಖಗೋಳ ಸಂಘ 1928ರಲ್ಲಿ ಅದರ ಮೇಲೆ ಒಂದು ವೀಕ್ಷಣಾಲಯ ತೆರೆಯಿತು. ಖಗೋಳಜ್ಞನೂ ಸೇನಾಪತಿಯೂ ಆಗಿದ್ದ ಸ್ಲೊವಾಕ್ ನಾಯಕ ಷ್ಟೆಫಾನಿಕ್ ಅವರ ಹೆಸರಿಟ್ಟರು. ಅದು ಜನರಿಗಾಗಿ ಕಟ್ಟಿದ ವೀಕ್ಷಣಾಲಯ. ಅಂಗಡಿಯವರು, ಗುಮಾಸ್ತರು, ಶಾಲೆಯ ಮೇಷ್ಟ್ರುಗಳು, ವಿದ್ಯಾರ್ಥಿಗಳು ಸಂಜೆ ಗುಡ್ಡ ಹತ್ತಿ ಬಂದು ಆಕಾಶ ನೋಡುತ್ತಿದ್ದರು. ಕೊಪಲ್ ಕೂಡ ಹುಡುಗನಾಗಿದ್ದಾಗಲೇ ಅಲ್ಲಿಗೆ ಹತ್ತಿದರು. ಇಪ್ಪತ್ತು ತುಂಬುವ ಮೊದಲೇ, ಬೆಳಕು ಬದಲಾಗುವ ನಕ್ಷತ್ರಗಳನ್ನು ನೋಡುವ ತಂಡದ ಮುಂದಾಳಾದರು.

ಆ ಸಂಘದ ಇಬ್ಬರ ಬಗ್ಗೆ ಇಲ್ಲಿ ಹೇಳಲೇಬೇಕು. ಒಬ್ಬರು ಯೋಸೆಫ್ ಕ್ಲೆಪೆಷ್ಟಾ. ಆಕಾಶದ ಫೋಟೊ ತೆಗೆಯುವುದರಲ್ಲಿ ನಿಪುಣರು, 1917ರಲ್ಲಿ ಸಂಘ ಕಟ್ಟಿದವರಲ್ಲಿ ಒಬ್ಬರು. ಇನ್ನೊಬ್ಬರು ಕಾರೆಲ್ ಆಂದ್ಯೆಲ್, ವೃತ್ತಿಯಲ್ಲಿ ಮೇಷ್ಟ್ರು. ಆಂದ್ಯೆಲ್ ಅಂದರೆ ಚೆಕ್ ಭಾಷೆಯಲ್ಲಿ ದೇವದೂತ. ಅವರು ಚಂದ್ರನನ್ನು ನೋಡಿ ನೋಡಿ, ಕೈಯಲ್ಲೇ ಬರೆದು, 1926ರಲ್ಲಿ ಒಂದು ದೊಡ್ಡ ಚಂದ್ರ ನಕ್ಷೆ ತಂದರು. ಚಂದ್ರನ ಮೇಲಿನ 35 ಕಿಲೋಮೀಟರ್ ಅಗಲದ ಒಂದು ಕುಳಿಗೆ ಈಗ ಅವರ ಹೆಸರಿದೆ. ಕೊಪಲ್ ಮುಂದೆ ಏನು ಮಾಡಿದರೋ ಅದಕ್ಕೆ ಬೇಕಾದ ಮಣ್ಣು ಆ ಗುಡ್ಡದ ಮೇಲೆ ಮೊದಲೇ ಹದವಾಗಿತ್ತು ಅಂತ ನನಗೆ ಅನ್ನಿಸುತ್ತದೆ. ದೊಡ್ಡ ವಿಜ್ಞಾನಿಯ ಕಥೆಯನ್ನು ದೊಡ್ಡ ವಿಶ್ವವಿದ್ಯಾಲಯದಿಂದ ಶುರು ಮಾಡುವುದು ರೂಢಿ. ಇವರ ಕಥೆ ಶುರುವಾಗುವುದು ಸಂಜೆ ಬಿಡುವಿನಲ್ಲಿ ಗುಡ್ಡ ಹತ್ತುತ್ತಿದ್ದ ಜನರಿಂದ.

ಒಂದು ನಕ್ಷತ್ರ ಇನ್ನೊಂದಕ್ಕೆ ಅಡ್ಡ ಬಂದಾಗ

ಬದಲಾಗುವ ನಕ್ಷತ್ರಗಳಲ್ಲಿ ಅಲ್ಗೋಲ್ ತುಂಬಾ ಹೆಸರಾದದ್ದು. ಸುಮಾರು 2 ದಿನ 21 ಗಂಟೆಗೆ ಒಮ್ಮೆ ಅದು ಮಂಕಾಗುತ್ತದೆ. ಕೆಲವು ಗಂಟೆ ಹಾಗೇ ಇದ್ದು ಮತ್ತೆ ಮೊದಲಿನಂತೆ ಹೊಳೆಯುತ್ತದೆ. ಬರಿಗಣ್ಣಿಗೇ ಗೊತ್ತಾಗುವಷ್ಟು ವ್ಯತ್ಯಾಸ. ಕಾರಣ, ಅಲ್ಲಿರುವುದು ಒಂದು ನಕ್ಷತ್ರ ಅಲ್ಲ, ಒಂದರ ಸುತ್ತ ಒಂದು ತಿರುಗುವ ಜೋಡಿ. ಮಂಕಾದದ್ದು ಹೊಳೆಯುವುದಕ್ಕೆ ಅಡ್ಡ ಬಂದಾಗ ನಮಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಅದೂ ಒಂದು ಗ್ರಹಣವೇ.

ದೂರದರ್ಶಕ ಎಷ್ಟೇ ದೊಡ್ಡದಿರಲಿ, ಆಗ ಈ ಎರಡು ನಕ್ಷತ್ರ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಕಾಣುವುದು ಬೆಳಕು ಇಳಿದು ಏರುವ ಒಂದು ಗೆರೆ ಮಾತ್ರ. ಆ ಗೆರೆಯ ಆಕಾರದಿಂದ ಎರಡರ ಗಾತ್ರ, ನಡುವಿನ ದೂರ, ಅವುಗಳ ಮೈಯ ಉಬ್ಬು ಎಲ್ಲವನ್ನೂ ಲೆಕ್ಕ ಹಾಕಿ ತೆಗೆಯಬೇಕು. ಕೊಪಲ್ ಬದುಕಿಡೀ ಬಿಡದೆ ಮಾಡಿದ ಕೆಲಸ ಇದು. 1937ರಲ್ಲಿ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1936ರ ಜೂನ್‌ನಲ್ಲಿ, ಪೂರ್ಣ ಸೂರ್ಯಗ್ರಹಣ ನೋಡಲು ಜಪಾನಿನ ತನಕ ಹೋಗಿ ಬಂದಿದ್ದರು. ಆಮೇಲೆ ಕೇಂಬ್ರಿಜ್‌ನಲ್ಲಿ ಖಗೋಳಜ್ಞ ಎಡಿಂಗ್ಟನ್ ಬಳಿ ಸ್ವಲ್ಪ ಕಾಲ. 1938ರಲ್ಲಿ ಅಮೆರಿಕದ ಹಾರ್ವರ್ಡ್.

ಆ ವರ್ಷವನ್ನು ಗಮನಿಸಿ. 1938ರ ಸೆಪ್ಟೆಂಬರಿನ ಮ್ಯೂನಿಕ್ ಒಪ್ಪಂದ ಅವರ ದೇಶವನ್ನು ಕತ್ತರಿಸಿತು. 1939ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಪ್ರಾಗ್‌ಗೆ ನುಗ್ಗಿತು. ನವೆಂಬರಿನಲ್ಲಿ ಚೆಕ್ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಬಿತ್ತು. ಓದಲು ಹೋದ ಹುಡುಗನಿಗೆ ವಾಪಸ್ ಬರಲು ಜಾಗವೇ ಇರಲಿಲ್ಲ. ಯುದ್ಧ ಮುಗಿದು ಉಸಿರು ಬಿಡುವಷ್ಟರಲ್ಲಿ 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟ್ ಆಡಳಿತ ಬಂತು. ಅವರು ಹೊರಗೇ ಉಳಿದರು.

ಯುದ್ಧದ ವರ್ಷಗಳಲ್ಲಿ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಲೆಕ್ಕದ ಕೆಲಸ. ಮುಂದೆ ಅಲ್ಲೇ ಸಂಖ್ಯಾ ವಿಶ್ಲೇಷಣೆಯ ಪಾಠ. ಸೂತ್ರದಿಂದ ನೇರವಾಗಿ ಬಿಡಿಸಲಾಗದ ಲೆಕ್ಕವನ್ನು ಅಂಕಿ ಹಿಡಿದು ಹಂತ ಹಂತವಾಗಿ ಬಿಡಿಸುವ ವಿದ್ಯೆ ಇದು. ಗ್ರಹಣದ ಗೆರೆ ಓದುವವನಿಗೆ ಇದಿಲ್ಲದೆ ಒಂದು ದಿನವೂ ಸಾಗುವುದಿಲ್ಲ. ತರಗತಿಗೆ ಬೇಕಾದ ಪುಸ್ತಕವನ್ನು ತಾವೇ ಬರೆದರು, 1955ರಲ್ಲಿ ಅದು ಪ್ರಕಟವಾಯಿತು.

ಅಷ್ಟರಲ್ಲಿ ಊರು ಬದಲಾಗಿತ್ತು. 1951ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕ ಹುದ್ದೆ. ಹೊಗೆ, ಮೋಡ, ಮಳೆಗೆ ಹೆಸರಾದ ಊರು. ದೂರದರ್ಶಕದವನಿಗೆ ಶಿಕ್ಷೆಯ ಜಾಗ ಅಲ್ವಾ? ಆದರೆ ಲೆಕ್ಕದವನಿಗೆ ಅಲ್ಲ. ಅದೇ ವರ್ಷ ಅಲ್ಲಿ ಫೆರಾಂಟಿ ಮಾರ್ಕ್ 1 ಕಂಪ್ಯೂಟರ್ ಕೆಲಸಕ್ಕೆ ಇಳಿದಿತ್ತು. ಊರಾಚೆ ಜೋಡ್ರೆಲ್ ಬ್ಯಾಂಕ್‌ನಲ್ಲಿ ಬರ್ನಾರ್ಡ್ ಲೊವೆಲ್ ರೇಡಿಯೊ ದೂರದರ್ಶಕ ಕಟ್ಟಿಸಲು ಹೊರಟಿದ್ದರು.

1955ರಲ್ಲಿ ಕೊಪಲ್ ಒಂದು ವಿಂಗಡಣೆ ಮಾಡಿದರು. ಜೋಡಿ ನಕ್ಷತ್ರಗಳಲ್ಲಿ ಒಂದೊಂದಕ್ಕೂ ಅದರದೇ ಗುರುತ್ವದ ಅಂಗಳ ಇರುತ್ತದೆ. ಅದಕ್ಕೆ ರೋಶ್ ಎಲ್ಲೆ ಅನ್ನುತ್ತಾರೆ. ಎರಡೂ ತಮ್ಮ ಎಲ್ಲೆಯ ಒಳಗಿದ್ದರೆ ಒಂದು ಬಗೆ. ಒಂದು ಮಾತ್ರ ಉಬ್ಬಿ ಎಲ್ಲೆ ತುಂಬಿದ್ದರೆ ಇನ್ನೊಂದು ಬಗೆ. ಎರಡೂ ತುಂಬಿ ಮೈಗೆ ಮೈ ತಾಗಿದ್ದರೆ ಮೂರನೆಯದು. ಅಲ್ಗೋಲ್ ಎರಡನೆಯ ಬಗೆ. ಅಲ್ಲಿ ಹಗುರ ನಕ್ಷತ್ರವೇ ಮುದಿಯಾಗಿ ಉಬ್ಬಿದೆ, ಭಾರದ್ದು ಇನ್ನೂ ಯೌವನದಲ್ಲಿದೆ. ಭಾರದ ನಕ್ಷತ್ರ ಬೇಗ ಮುದಿಯಾಗಬೇಕು ಅನ್ನುವುದು ನಿಯಮ, ಇಲ್ಲಿ ಅದು ತಲೆಕೆಳಗು. ಉಬ್ಬಿದ ನಕ್ಷತ್ರ ತನ್ನ ಎಲ್ಲೆಯನ್ನು ಸರಿಯಾಗಿ ತುಂಬಿಕೊಂಡಿದೆ ಅಂತ ತೋರಿಸಿದ್ದು ಆ ಒಗಟಿನ ಬೀಗಕ್ಕೆ ಕೀಲಿಯಾಯಿತು. ಒಂದರ ದ್ರವ್ಯ ಇನ್ನೊಂದಕ್ಕೆ ಹರಿದಿದೆ ಎಂಬ ವಿವರಣೆ ನಿಂತಿರುವುದು ಈ ಅಡಿಪಾಯದ ಮೇಲೆ. ಆ ಮೂರು ಬಗೆಯ ವಿಂಗಡಣೆಯನ್ನು ಇವತ್ತಿಗೂ ಪಾಠ ಮಾಡುತ್ತಾರೆ.

ಚಂದ್ರನ ಕೆಲಸ ಬಂತು

1957ರ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿತು. 1959ರಲ್ಲಿ ಸೋವಿಯತ್ ಲೂನಾ 2 ಚಂದ್ರನಿಗೇ ಹೋಗಿ ಬಡಿಯಿತು. ಚಂದ್ರ ಇದ್ದಕ್ಕಿದ್ದಂತೆ ತಲುಪಬಹುದಾದ ಜಾಗ ಆಗಿಬಿಟ್ಟ. ತಲುಪಬೇಕು ಅಂದರೆ ನಕ್ಷೆ ಬೇಕು. ಇದ್ದ ನಕ್ಷೆಗಳಲ್ಲಿ ಕುಳಿಗಳ ಜಾಗ, ಹೆಸರು ಇತ್ತು. ಎತ್ತರ ಮಾತ್ರ ಸಾಕಷ್ಟು ಇರಲಿಲ್ಲ. ಎಲ್ಲಿ ಇಳಿಜಾರು, ಎಲ್ಲಿ ಸಮತಟ್ಟು ಅಂತ ಗೊತ್ತಿಲ್ಲದೆ ಯಾರನ್ನು ಇಳಿಸುವುದು?

ಅಮೆರಿಕದ ವಾಯುಪಡೆಯ ನಕ್ಷೆ ಕೇಂದ್ರ ಸೇಂಟ್ ಲೂಯಿಸ್‌ನಲ್ಲಿತ್ತು. ಅವರಿಗೆ 10 ಲಕ್ಷಕ್ಕೆ ಒಂದರ ಅಳತೆಯ ನಕ್ಷೆಗಳು ಬೇಕಿದ್ದವು. ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರ್, ಚಂದ್ರನ ಮೇಲೆ ಒಂದು ಕಿಲೋಮೀಟರ್. ಅದಕ್ಕೆ ಎತ್ತರದ ಅಂಕಿಗಳನ್ನು ಒದಗಿಸುವ ಕೆಲಸವನ್ನು ಮ್ಯಾಂಚೆಸ್ಟರ್ ತಂಡ ಹೊತ್ತಿತು, ಹಣ ವಾಯುಪಡೆಯದು. ಕೊಪಲ್ ಇದನ್ನು ಯಾಕೆ ಒಪ್ಪಿದರು? ನನ್ನ ಅಭಿಪ್ರಾಯದಲ್ಲಿ ಅವರಿಗೆ ಇದು ಹೊಸ ವಿಷಯವೇ ಆಗಿರಲಿಲ್ಲ. ಒಂದು ವಸ್ತು ಬೆಳಕಿಗೆ ಅಡ್ಡ ನಿಂತಾಗ ಏನು ಕಡಿಮೆಯಾಗುತ್ತದೋ ಅದನ್ನು ಅಳೆದು ಆ ವಸ್ತುವಿನ ಆಕಾರ ಹೇಳುವುದು ಅವರಿಗೆ ರೂಢಿಯಾಗಿತ್ತು. ಅಲ್ಗೋಲ್‌ನಲ್ಲಿ ಅಡ್ಡ ಬರುವುದು ನಕ್ಷತ್ರ, ಚಂದ್ರನಲ್ಲಿ ಬೆಟ್ಟ.

ಮ್ಯಾಂಚೆಸ್ಟರ್ ಆಕಾಶದಲ್ಲಿ ಈ ಕೆಲಸ ಆಗುತ್ತಿರಲಿಲ್ಲ. ಹಾಗಾಗಿ ತಂಡ ಫ್ರಾನ್ಸಿನ ಪಿರೆನೀಸ್ ಪರ್ವತಗಳ ಪಿಕ್ ದು ಮಿದಿ ಶಿಖರಕ್ಕೆ ಹೋಯಿತು. ಎತ್ತರ 2,877 ಮೀಟರ್. ಅಲ್ಲಿ 60 ಸೆಂಟಿಮೀಟರ್ ಮಸೂರದ ದೂರದರ್ಶಕ ಇತ್ತು. ಆ ಶಿಖರದ ಗಾಳಿ ಅಲುಗದೆ ನಿಲ್ಲುವ ಗಾಳಿ, ನಕ್ಷತ್ರ ಮಿನುಗುವುದು ಕಡಿಮೆ. ಥಾಮಸ್ ರ‍್ಯಾಕಮ್ ಮತ್ತು ಜೊತೆಗಾರರು ಚಳಿಯಲ್ಲಿ ರಾತ್ರಿಯಿಡೀ ಕುಳಿತು ಚಂದ್ರನ ಫೋಟೊ ತೆಗೆದರು. ಒಂದೆರಡಲ್ಲ, ವರ್ಷಗಟ್ಟಲೆ, ಹತ್ತಾರು ಸಾವಿರ ಫೋಟೊ.

ಅಷ್ಟೊಂದು ಫೋಟೊ ಯಾಕೆ?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಈ ಪ್ರಕರಣದ ಜೀವ ಇರುವುದು ಇಲ್ಲೇ.

ಚಂದ್ರನ ಮೇಲೆ ಒಂದು ಬೆಟ್ಟ. ಅಲ್ಲಿನ ಆಕಾಶದಲ್ಲಿ ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲೆ ಇದ್ದಾನೆ ಅಂತಿಟ್ಟುಕೊಳ್ಳಿ. ಬೆಟ್ಟ 1 ಕಿಲೋಮೀಟರ್ ಎತ್ತರ ಇದ್ದರೆ ನೆರಳು ಸುಮಾರು 5.7 ಕಿಲೋಮೀಟರ್ ಉದ್ದ ಬೀಳುತ್ತದೆ. ಸೂರ್ಯ ಎಷ್ಟು ಮೇಲೆ ಇದ್ದಾನೆ ಅನ್ನುವುದು ತಾರೀಕು, ಸಮಯ, ಜಾಗ ಗೊತ್ತಿದ್ದರೆ ಲೆಕ್ಕದಿಂದ ಸಿಗುತ್ತದೆ. ನೆರಳಿನ ಉದ್ದ ಫೋಟೊದಿಂದ ಸಿಗುತ್ತದೆ. ಎರಡೂ ಸಿಕ್ಕರೆ ಎತ್ತರ ಬಂತು. ಅಂಗಳದ ತೆಂಗಿನಮರದ ಎತ್ತರವನ್ನು ಬೆಳಗಿನ ನೆರಳಿನಿಂದ ಅಳೆಯುವ ಲೆಕ್ಕವೇ ಇದು. 1610ರಲ್ಲಿ ಗೆಲಿಲಿಯೊ ಕೂಡ ಕತ್ತಲ ಭಾಗದಲ್ಲಿ ಹೊಳೆಯುವ ತುದಿಗಳನ್ನು ನೋಡಿ ಬೆಟ್ಟದ ಎತ್ತರ ಅಂದಾಜು ಮಾಡಿದ್ದ.

ಕಷ್ಟ ಇರುವುದು ಅಳತೆಯಲ್ಲಿ. ಭೂಮಿಯಿಂದ ನೋಡಿದರೆ ಚಂದ್ರನ ಮೇಲಿನ 1.9 ಕಿಲೋಮೀಟರ್ ಅಂದರೆ ಒಂದು ಆರ್ಕ್ ಸೆಕೆಂಡ್, ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 5 ಕಿಲೋಮೀಟರ್ ದೂರದಿಂದ ನೋಡಿದರೆ ಎಷ್ಟು ಕಾಣುತ್ತದೋ ಅಷ್ಟು. ನಮ್ಮ ಗಾಳಿಯ ಅಲುಗಾಟವೇ ಸಾಮಾನ್ಯವಾಗಿ ಅಷ್ಟಿರುತ್ತದೆ. 1 ಕಿಲೋಮೀಟರ್ ಬೆಟ್ಟದ ಆ 5.7 ಕಿಲೋಮೀಟರ್ ನೆರಳು ಮೂರು ಆರ್ಕ್ ಸೆಕೆಂಡ್ ಆಗುತ್ತದೆ, ಹೇಗೋ ಸಿಗುತ್ತದೆ. ಆದರೆ ಇಳಿಯುವ ಜಾಗಕ್ಕೆ ಬೇಕಾದದ್ದು ಬೆಟ್ಟವಲ್ಲ, ಸಣ್ಣ ದಿಬ್ಬ. 100 ಮೀಟರ್ ದಿಬ್ಬದ ನೆರಳು ಅದೇ ಬಿಸಿಲಿನಲ್ಲಿ ಅರ್ಧ ಕಿಲೋಮೀಟರ್ ಚಿಲ್ಲರೆ. ಕಾಣುವುದೇ ಇಲ್ಲ.

ಹಾಗಾದರೆ ಏನು ಮಾಡುವುದು? ಸೂರ್ಯ ಆಗಷ್ಟೇ ಹುಟ್ಟಿದಾಗ ಹಿಡಿಯಬೇಕು. ಸೂರ್ಯ 2 ಡಿಗ್ರಿ ಮೇಲೆ ಇದ್ದಾಗ ಅದೇ 100 ಮೀಟರ್ ದಿಬ್ಬದ ನೆರಳು 2.9 ಕಿಲೋಮೀಟರ್ ಚಾಚಿಕೊಳ್ಳುತ್ತದೆ. ಈಗ ಅಳೆಯಬಹುದು. ಆದರೆ ಚಂದ್ರನ ಆಕಾಶದಲ್ಲಿ ಸೂರ್ಯ ಗಂಟೆಗೆ ಅರ್ಧ ಡಿಗ್ರಿ ಏರುತ್ತಾನೆ. ಎರಡು ಗಂಟೆ ಕಳೆದರೆ 3 ಡಿಗ್ರಿ, ನೆರಳು 1.9 ಕಿಲೋಮೀಟರಿಗೆ ಇಳಿಯಿತು. ಆರೇಳು ಗಂಟೆಯಲ್ಲಿ ಅವಕಾಶವೇ ಕೈಜಾರಿತು. ಅಷ್ಟರಲ್ಲಿ ಬೆಳಕಿನ ಗೆರೆ ಚಂದ್ರನ ನಡುಗೆರೆಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಮುಂದೆ ಹೋಗಿರುತ್ತದೆ, ಸೈಕಲ್ ತುಳಿಯುವವನ ವೇಗ. ಒಂದು ಜಾಗದಲ್ಲಿ ಬೆಳಗಾಗುವುದು ಇಪ್ಪತ್ತೊಂಬತ್ತೂವರೆ ದಿನಕ್ಕೆ ಒಮ್ಮೆ. ಆ ರಾತ್ರಿ ಪಿಕ್ ದು ಮಿದಿಯಲ್ಲಿ ಮೋಡ ಇದ್ದರೆ ಮುಂದಿನ ತಿಂಗಳೇ. ಮುಂದಿನ ತಿಂಗಳು ಅದೇ ಬೆಳಗು ಬರುವ ಹೊತ್ತಿಗೆ ಯೂರೋಪಿನಲ್ಲಿ ಚಂದ್ರ ಮುಳುಗಿಯೇ ಇರಬಹುದು.

ಇದಕ್ಕೇ ಹತ್ತಾರು ಸಾವಿರ ಫೋಟೊ. ಒಂದೇ ದಿಬ್ಬದ ನೆರಳು ಹೇಗೆ ಕುಗ್ಗುತ್ತಾ ಹೋಯಿತು ಅಂತ ಸಾಲಾಗಿ ಹಿಡಿಯಬೇಕು. ಆಮೇಲೆ ಫಿಲ್ಮ್ ಮೇಲೆ ನೆರಳಿನ ಅಂಚು ಎಲ್ಲಿ ಮುಗಿಯಿತು ಅಂತ ಅಳೆಯಬೇಕು. ಅಂಚು ಕೂಡ ಚೂರಿಯಲ್ಲಿ ಕತ್ತರಿಸಿದ ಹಾಗೆ ಇರುವುದಿಲ್ಲ. ಸೂರ್ಯ ಚುಕ್ಕೆ ಅಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ, ಹಾಗಾಗಿ ಅಂಚು ಮಸುಕು. ಅಂಚಿನ ಈ ಮಸುಕನ್ನು ಲೆಕ್ಕಕ್ಕೆ ತರುವುದು ಜೋಡಿ ನಕ್ಷತ್ರಗಳಲ್ಲಿ ಕೊಪಲ್‌ಗೆ ನೀರು ಕುಡಿದಷ್ಟು ಅಭ್ಯಾಸವಾಗಿತ್ತು.

ಇನ್ನೂ ಒಂದು ತೊಡಕು. ಭೂಮಿಯ ಮೇಲೆ ಎತ್ತರ ಅಂದರೆ ಸಮುದ್ರ ಮಟ್ಟದಿಂದ. ಚಂದ್ರನಲ್ಲಿ ಸಮುದ್ರವೇ ಇಲ್ಲ. ನೆರಳು ಹೇಳುವುದು ಬೆಟ್ಟದ ತುದಿ, ನೆರಳಿನ ತುದಿ ಬಿದ್ದ ನೆಲಕ್ಕಿಂತ ಎಷ್ಟು ಮೇಲಿದೆ ಅಂತ ಮಾತ್ರ. ಆ ನೆಲವೇ ಇಳಿಜಾರಾಗಿದ್ದರೆ? ಒಂದೊಂದು ಅಳತೆಯನ್ನೂ ಪಕ್ಕದ ಅಳತೆಗೆ ಹೆಣೆಯುತ್ತಾ ಹೋಗಬೇಕು, ಚಾಪೆ ನೇಯ್ದ ಹಾಗೆ. ಇದನ್ನು ಒಬ್ಬ ಮಾಡಲು ಸಾಧ್ಯವಿಲ್ಲ. ವಿದ್ಯಾರ್ಥಿಗಳು, ಸಹಾಯಕರು, ಲೆಕ್ಕ ಹಾಕುವವರು ಎಲ್ಲ ಸೇರಿದ ಒಂದು ವಿಭಾಗವೇ ಬೇಕು. ಕೊಪಲ್ ಅವರ ಮೇಷ್ಟರಿಕೆ ನನಗೆ ಕಾಣುವುದು ಇಲ್ಲಿ. ಕೆಲಸವನ್ನು ಬೇರೆಯವರು ಕಲಿತು ಮಾಡುವ ಹಾಗೆ ತುಂಡು ತುಂಡಾಗಿ ಬಿಡಿಸಿ ಕೊಡುವುದು ಪಾಠ ಹೇಳುವವರ ಕಸುಬು.

ಮ್ಯಾಂಚೆಸ್ಟರ್ ಒಂದೇ ಈ ಕೆಲಸದಲ್ಲಿ ಇರಲಿಲ್ಲ. ಖಗೋಳಜ್ಞ ಜೆರಾರ್ಡ್ ಕೈಪರ್ ಅಮೆರಿಕದಲ್ಲಿ ಬೇರೆಯೇ ತಂಡ ಕಟ್ಟಿ 1960ರಲ್ಲಿ ಚಂದ್ರನ ದೊಡ್ಡ ಫೋಟೊ ಸಂಪುಟ ತಂದಿದ್ದರು. ವಾಯುಪಡೆಯವರು ಆರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ಕಣ್ಣಿನಿಂದಲೇ ನೋಡಿ ಸಣ್ಣ ವಿವರಗಳನ್ನು ಸೇರಿಸುತ್ತಿದ್ದರು. ಪಟ್ರೀಷಿಯಾ ಬ್ರಿಜಸ್ ಅವರಂಥ ಕಲಾವಿದರು ಏರ್‌ಬ್ರಷ್ ಹಿಡಿದು ನಕ್ಷೆಗೆ ಉಬ್ಬುತಗ್ಗು ತುಂಬಿದರು. ಆ ಹಾಳೆಗಳನ್ನು ನೋಡಿದರೆ ಕೈಯಿಂದ ಸವರಬೇಕು ಅನ್ನಿಸುತ್ತದೆ. ಪಿಕ್ ದು ಮಿದಿಯಲ್ಲಿ ನಾಸಾ ಹಣದಿಂದ 106 ಸೆಂಟಿಮೀಟರ್ ಅಗಲದ ಇನ್ನೊಂದು ದೂರದರ್ಶಕವೂ ಬಂತು.

ಎಡವಿದ ಜಾಗ

1963ರ ನವೆಂಬರ್ ಆರಂಭದ ಒಂದು ರಾತ್ರಿ ಕೊಪಲ್ ಮತ್ತು ರ‍್ಯಾಕಮ್ ತೆಗೆದ ಫೋಟೊಗಳಲ್ಲಿ ಕೆಪ್ಲರ್ ಕುಳಿಯ ಸುತ್ತ ಕೆಂಪು ಬೆಳಕು ಮಾಮೂಲಿಗಿಂತ ಜಾಸ್ತಿ ಕಂಡಿತು. ಸೂರ್ಯನಿಂದ ಸಿಡಿದ ಕಣಗಳು ಬಡಿದು ಚಂದ್ರನ ಕಲ್ಲು ತಾನೇ ಹೊಳೆದಿದೆ ಅಂತ ಅವರು ಬರೆದರು. ಪತ್ರಿಕೆಗಳಿಗೆ ಇಂಥದ್ದು ಇಷ್ಟ. ಆದರೆ ಲೆಕ್ಕ ಕೂಡಿ ಬರಲಿಲ್ಲ. ಸೂರ್ಯನಿಂದ ಹರಿದು ಬರುವ ಆ ಕಣಗಳ ಗಾಳಿ, ಅಂದರೆ ಸೌರಮಾರುತ, ಹೊತ್ತು ತರುವ ಶಕ್ತಿ ಸೂರ್ಯನ ಬೆಳಕಿನ ಸುಮಾರು 10 ಲಕ್ಷದಲ್ಲಿ ಒಂದು ಪಾಲು. ಬಿಸಿಲಿನ ಪಕ್ಕದಲ್ಲಿ ಕಾಣುವಷ್ಟು ಹೊಳೆಯಲು ಅದು ಎಲ್ಲಿ ಸಾಲುತ್ತದೆ? ಆ ಹೊಳಪಿನ ವಾದ ನಿಲ್ಲಲಿಲ್ಲ. ಬದುಕಿಡೀ ಲೆಕ್ಕ ಕಲಿಸಿದವರೇ ಇಲ್ಲಿ ಲೆಕ್ಕಕ್ಕಿಂತ ಮುಂದೆ ಓಡಿದರು ಅಂತ ನನಗೆ ಬೇಸರವಿದೆ. ಅವರ ಕೆಲಸದ ಮೇಲೆ ಗೌರವ ಇರುವುದರಿಂದಲೇ ಇದನ್ನು ಬಿಟ್ಟು ಬರೆಯಲು ಮನಸ್ಸಾಗಲಿಲ್ಲ.

ಆರ್ಬಿಟರ್ ಬಂದ ಮೇಲೆ

1966ರ ಆಗಸ್ಟ್‌ನಲ್ಲಿ ಅಮೆರಿಕದ ಲೂನಾರ್ ಆರ್ಬಿಟರ್ 1 ನೌಕೆ ಚಂದ್ರನ ಸುತ್ತ ತಿರುಗಲು ಶುರು ಮಾಡಿತು. ಒಂದು ವರ್ಷದಲ್ಲಿ ಅಂಥ ಐದು ನೌಕೆ ಹೋದವು. ಚಂದ್ರನ ಮೈಯ ನೂರಕ್ಕೆ 99 ಭಾಗದ ಫೋಟೊ ಬಂತು. ಭೂಮಿಯಿಂದ ಎಂದೂ ಕಾಣದಷ್ಟು ಸಣ್ಣ ಬಂಡೆಗಳೂ ಕಂಡವು. ಪಿಕ್ ದು ಮಿದಿಯ ಫಿಲ್ಮ್ ಸುರುಳಿಗಳು ಒಂದೇ ಏಟಿಗೆ ಹಳೆಯವಾದವು.

ಹಾಗಾದರೆ ಎಂಟು ವರ್ಷದ ಚಳಿ, ನಿದ್ದೆಗೇಡು ಸುಮ್ನೆ ಹೋಯಿತೇ? ನಾನು ಹಾಗೆ ನೋಡುವುದಿಲ್ಲ. 1961ರಲ್ಲಿ ಕೆನಡಿ ಚಂದ್ರನಿಗೆ ಮನುಷ್ಯನನ್ನು ಕಳಿಸುತ್ತೇವೆ ಅಂದಾಗ, ಆರ್ಬಿಟರ್‌ಗಳು ಹಾರುವ ತನಕದ ಐದು ವರ್ಷ, ಯೋಜನೆ ಮಾಡುವವರ ಮೇಜಿನ ಮೇಲೆ ಇದ್ದದ್ದು ಭೂಮಿಯಿಂದ ತೆಗೆದ ಫೋಟೊಗಳ ನಕ್ಷೆಗಳೇ. ಎಲ್ಲಿ ಹತ್ತಿರದಿಂದ ನೋಡಬೇಕು ಅಂತ ಆರ್ಬಿಟರ್‌ಗೆ ಹೇಳಲು ಕೂಡ ಮೊದಲು ಒಂದು ನಕ್ಷೆ ಬೇಕಿತ್ತು.

ಕೊಪಲ್ ಅಲ್ಲಿಗೆ ನಿಲ್ಲಲಿಲ್ಲ. 1962ರಲ್ಲಿ ಆಲ್ಬರ್ಟ್ ವಿಲ್ಸನ್ ಜೊತೆ ಗ್ರಹಗಳ ಅಧ್ಯಯನಕ್ಕಾಗಿ ‘ಇಕಾರಸ್’ ಪತ್ರಿಕೆ ಶುರು ಮಾಡಿದ್ದರು. ಮುಂದೆ ಕಾರ್ಲ್ ಸೇಗನ್ ಅದರ ಸಂಪಾದಕರಾದರು. 1968ರಲ್ಲಿ ಖಭೌತ ವಿಜ್ಞಾನಕ್ಕೆ ಇನ್ನೊಂದು ಪತ್ರಿಕೆ. ಜೋಡಿ ನಕ್ಷತ್ರಗಳಿಗೆ ಮತ್ತೆ ಮರಳಿದರು. 1981ರಲ್ಲಿ ನಿವೃತ್ತಿ. 1993ರ ಜೂನ್ 23ರಂದು ಮ್ಯಾಂಚೆಸ್ಟರ್‌ನಲ್ಲಿ ತೀರಿಕೊಂಡರು. 2628ನೆಯ ಕ್ಷುದ್ರಗ್ರಹಕ್ಕೆ ಅವರ ಹೆಸರಿದೆ.

ಇಷ್ಟೆಲ್ಲದರಲ್ಲಿ ನನ್ನ ಮನಸ್ಸು ಹೋಗಿ ನಿಲ್ಲುವುದು 1965ರ ಒಂದು ಪುಸ್ತಕದ ಮೇಲೆ. ಪಿಕ್ ದು ಮಿದಿಯ ಫೋಟೊಗಳಿಂದ ಆಯ್ದ ಚಂದ್ರನ ಚಿತ್ರ ಸಂಪುಟ. ಅದರ ಮೇಲೆ ಮೂರು ಹೆಸರು: ಕೊಪಲ್, ರ‍್ಯಾಕಮ್, ನಡುವೆ ಕ್ಲೆಪೆಷ್ಟಾ. ಹೌದು, ಪೆತ್ರ್ಶಿನ್ ಗುಡ್ಡದ ಅದೇ ಯೋಸೆಫ್ ಕ್ಲೆಪೆಷ್ಟಾ. ಆಗ ಅವರಿಗೆ 70ರ ವಯಸ್ಸು, ಇದ್ದದ್ದು ಪ್ರಾಗ್‌ನಲ್ಲಿ. ನಡುವೆ ಯುದ್ಧ ಬಂದು ಹೋಗಿತ್ತು, ಪೂರ್ವ ಪಶ್ಚಿಮ ಯೂರೋಪನ್ನು ಬೇರೆ ಮಾಡಿದ ಗಡಿ, ಆ ಕಬ್ಬಿಣದ ಪರದೆ, ಇನ್ನೂ ಇತ್ತು. ಗುಡ್ಡ ಹತ್ತಿ ಬಂದ ಹುಡುಗ ದೊಡ್ಡ ಪ್ರಾಧ್ಯಾಪಕ ಆದ ಮೇಲೂ ತನ್ನ ಸಂಘದ ಹಿರಿಯರನ್ನು ಪುಸ್ತಕದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು.

ಆ ಗುಡ್ಡದ ಇನ್ನೊಬ್ಬ ಮೇಷ್ಟ್ರನ್ನು ನಾವೂ ನೋಡಬಹುದು. ಶುಕ್ಲ ಸಪ್ತಮಿಯ ಸಂಜೆ, ಅಷ್ಟಮಿಗೆ ಒಂದು ದಿನ ಮೊದಲು, ಸಣ್ಣ ದೂರದರ್ಶಕ ಇದ್ದರೂ ಸಾಕು. ಚಂದ್ರನ ನಡುವಿನಿಂದ ಸ್ವಲ್ಪ ದಕ್ಷಿಣಕ್ಕೆ, ಬೆಳಕಿನ ಗೆರೆಯ ಹತ್ತಿರ, 65 ಕಿಲೋಮೀಟರ್ ಅಗಲದ ಅಬುಲ್ಫೆದಾ ಕುಳಿ ಎದ್ದು ಕಾಣುತ್ತದೆ. ಅದರ ಉತ್ತರಕ್ಕೆ ಅಂಚು ಸವೆದ ಒಂದು ಚಿಕ್ಕ ಕುಳಿ. ಅದೇ ಆಂದ್ಯೆಲ್. ಅಲ್ಲಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ 1972ರಲ್ಲಿ ಅಪೊಲೊ 16 ಇಳಿಯಿತು. ಬೇಗ ನೋಡಿ. ಮಾರನೆಯ ಸಂಜೆ ಹೊತ್ತಿಗೆ ಅಲ್ಲಿ ಸೂರ್ಯ ಮೇಲೇರಿ, ನೆರಳು ಮೋಟಾಗಿ, ಕುಳಿ ಹುಡುಕುವುದೇ ಕಷ್ಟ ಆಗಿರುತ್ತದೆ.